ಮರದ ಮೇಲೆ ಚೈನ್ ಸಾ: ಎಡಗೈ ಉಳಿಸಿಕೊಳ್ಳುವ ದಾರಿ

ಏಪ್ರಿಲ್ ಬಂತೆಂದರೆ ಚಿಕ್ಕಮಗಳೂರು, ಕೊಡಗು, ಸಕಲೇಶಪುರ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಶುರು. ಮಳೆ ಹಿಡಿಯುವುದರೊಳಗೆ ನೆರಳು ಕಡಿಮೆ ಮಾಡಬೇಕು, ಸಿಲ್ವರ್ ಓಕ್ ಕೊಂಬೆ ಇಳಿಸಬೇಕು, ಮನೆ ಹೆಂಚಿನ ಮೇಲೆ ಬಾಗಿದ ಹಲಸನ್ನು ಸವರಬೇಕು. ಮೊದಲು ಇದಕ್ಕೆಲ್ಲ ಕತ್ತಿ, ಕೊಡಲಿ. ಈಗ ಮಿಷನ್. ನೆಲದ ಮೇಲೆ ಸೌದೆ ತುಂಡು ಮಾಡುವ ಅದೇ ಚೈನ್ ಸಾ ಮಿಷನ್ನನ್ನು ಹಗ್ಗ ಕಟ್ಟಿ ಮೇಲೆಳೆದುಕೊಂಡು, ಎಡಗೈಯಲ್ಲಿ ಕೊಂಬೆ ತಬ್ಬಿಕೊಂಡು, ಬಲಗೈ ಒಂದರಲ್ಲೇ ಕೊಯ್ಯುವವರನ್ನು ನೀವೂ ನೋಡಿರುತ್ತೀರಿ. ನೋಡುವವರಿಗೆ ಭಾರೀ ಧೈರ್ಯ ಅನಿಸುತ್ತದೆ. ಆದರೆ ಮರದ ಮೇಲೆ ಆಗುವ ಗಾಯಗಳಲ್ಲಿ ಬಹಳಷ್ಟು ಶುರುವಾಗುವುದು ಇಲ್ಲಿಂದಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಓದಿ ಕಲಿಯುವ ಕೆಲಸ ಅಲ್ಲ. ಮಿಷನ್ ಹಿಡಿದು ನೆಲದ ಮೇಲೆ ಚೆನ್ನಾಗಿ ಪಳಗಿದ ಮೇಲೆ, ಹಗ್ಗದಲ್ಲಿ ಮಿಷನ್ ಇಲ್ಲದೆ ಹತ್ತಿ ಇಳಿದು ಅಭ್ಯಾಸ ಆದ ಮೇಲೆ, ಆಳೆತ್ತರದ ಕೊಂಬೆಯಲ್ಲಿ ಎರಡನ್ನೂ ಸೇರಿಸಿ ನೋಡಿದ ಮೇಲೆ, ಗೊತ್ತಿರುವವರು ಪಕ್ಕದಲ್ಲಿದ್ದಾಗ ಮಾತ್ರ ಮೇಲಕ್ಕೆ. ಇಲ್ಲಿ ಬರೆಯುತ್ತಿರುವುದು ಈಗಾಗಲೇ ಹತ್ತುತ್ತಿರುವವರಿಗೆ, ಹಾಗೂ ಅವರನ್ನು ಕೆಲಸಕ್ಕೆ ಕರೆಯುವ ತೋಟದವರಿಗೆ.

ಎಡಗೈಗೇ ಯಾಕೆ ಏಟು

ಮಿಷನ್ನಿನ ಹಿಂದಿನ ಹಿಡಿ, ಆಕ್ಸಿಲರೇಟರ್ ಎರಡೂ ಬಲಗೈಗೆ. ಮುಂದಿನ ಹಿಡಿ ಎಡಗೈಗೆ, ಹೆಬ್ಬೆರಳು ಹಿಡಿಯ ಕೆಳಗಿಂದ ಸುತ್ತಿ ಬರಬೇಕು. ಮುಂದಿನ ಹಿಡಿಯ ಎದುರಿಗೆ ಒಂದು ಪ್ಲಾಸ್ಟಿಕ್ ತಡೆ ಇದೆಯಲ್ಲ, ಅದನ್ನು ಬರೀ ಕೈಗೆ ಮರೆ ಅಂತ ತಿಳಿದವರು ಜಾಸ್ತಿ. ಅದು ಚೈನ್ ಬ್ರೇಕ್‌ನ ಲಿವರ್. ಮಿಷನ್ ಮೇಲಕ್ಕೆ ಒದ್ದಾಗ ಎಡ ಮಣಿಕಟ್ಟು ಅದಕ್ಕೆ ತಾಗಿ, ಅದು ಮುಂದಕ್ಕೆ ಬಾಗಿ, ಚೈನ್ ನಿಲ್ಲುತ್ತದೆ. ಈಗ ಎಡಗೈ ಅಲ್ಲಿ ಇಲ್ಲದೇ ಕೊಂಬೆ ಹಿಡಿದುಕೊಂಡಿದ್ದರೆ? ಲಿವರ್ ತಳ್ಳಲು ಮಣಿಕಟ್ಟೇ ಇಲ್ಲ. ಜೋರಾಗಿ ಒದ್ದಾಗ ತಾನಾಗಿಯೇ ಹಿಡಿಯುವ ವ್ಯವಸ್ಥೆ ಈಗಿನ ಹೆಚ್ಚಿನ ಮಿಷನ್‌ಗಳಲ್ಲಿ ಇದೆ, ನಿಜ. ಆದರೆ ಒದೆತ ಮೆಲ್ಲಗಿದ್ದರೆ, ಇಲ್ಲವೇ ಬ್ರೇಕ್ ಒಳಗೆ ಪುಡಿ ತುಂಬಿಕೊಂಡಿದ್ದರೆ ಅದು ಕೈ ಕೊಡಬಹುದು. ಮಿಷನ್ ತಿರುಗಿ ಬರುವ ದಾರಿಯಲ್ಲಿ ಸಿಗುವುದು ಕೊಂಬೆ ಹಿಡಿದ ಅದೇ ಎಡಗೈ, ಮುಂಗೈ, ಇಲ್ಲವೇ ಕುತ್ತಿಗೆ, ಮುಖ.

ಕಿಕ್‌ಬ್ಯಾಕ್, ಅಂದರೆ ಈ ಒದೆತ, ಬಾರ್ (ಚೈನ್ ಸುತ್ತಿ ಓಡುವ ಉದ್ದ ಪಟ್ಟಿ) ತುದಿಯ ಮೇಲಿನ ಅರ್ಧ ಭಾಗದ ಕಿತಾಪತಿ. ಕೊಯ್ಯುತ್ತಿರುವ ಕೊಂಬೆಯ ಹಿಂದೆ ಇನ್ನೊಂದು ಕೊಂಬೆ ಇರುತ್ತದೆ, ಎಲೆ ಮರೆಯಲ್ಲಿ ಕಾಣುವುದಿಲ್ಲ, ತುದಿ ಅದಕ್ಕೆ ತಾಗುತ್ತದೆ. ಕುದುರೆ ಒದ್ದ ಹಾಗೆ ಮಿಷನ್ ಮೇಲಕ್ಕೂ ಹಿಂದಕ್ಕೂ ಹಾರುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಚೈನ್ ಸೆಕೆಂಡಿಗೆ 20 ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಓಡುತ್ತಿರುತ್ತದೆ, ಅಂದರೆ ಗಂಟೆಗೆ 72 ಕಿ.ಮೀ. ನಮ್ಮ ಕೈ ಸುಧಾರಿಸಿಕೊಳ್ಳುವುದಕ್ಕೆ ಸೆಕೆಂಡಿನ ಕಾಲು ಭಾಗವಾದರೂ ಬೇಕು. ಕಿಕ್‌ಬ್ಯಾಕ್ ಅಷ್ಟರಲ್ಲಿ ಮುಗಿದಿರುತ್ತದೆ. "ನಾನು ಹುಷಾರಾಗಿ ಇರ್ತೀನಿ" ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಎರಡನೇ ದಾರಿ ಇನ್ನೂ ಸಾಮಾನ್ಯ. ಒಂದೇ ಕೈಯಲ್ಲಿ ಕೊಯ್ಯುವಾಗ ಕೊಂಬೆ ಕಡಿದು ಮುಗಿದ ಕೂಡಲೇ ಮಿಷನ್ ಭಾರ ಪೂರ್ತಿ ಬಲಗೈಗೆ ಬೀಳುತ್ತದೆ, ಬಾರ್ ಕೆಳಕ್ಕೆ ಜೋತು ಬೀಸಿಕೊಳ್ಳುತ್ತದೆ, ಅಲ್ಲಿ ಎಡ ತೊಡೆಯೋ ಮಂಡಿಯೋ ಇರುತ್ತದೆ. ಚೈನ್ ಆಗಷ್ಟೇ ನಿಧಾನ ಆಗುತ್ತಿರುತ್ತದೆ, ನಿಂತಿರುವುದಿಲ್ಲ. ಅಮೆರಿಕದಲ್ಲಿ 2009ರಿಂದ 2013ರವರೆಗೆ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ ಚೈನ್ ಸಾ ಗಾಯಗಳನ್ನು ಅಂದಾಜು ಮಾಡಿದಾಗ ಲೆಕ್ಕ 1,15,000 ದಾಟಿತ್ತು. ಜಾಸ್ತಿ ಪೆಟ್ಟು ಬಿದ್ದದ್ದು ಕೈ, ಬೆರಳು ಮತ್ತು ಮಂಡಿಗೆ. ಅದು ನೆಲದ ಮೇಲಿನವರನ್ನೂ ಸೇರಿಸಿದ ಲೆಕ್ಕ.

ಹಾಗಾದರೆ "ಎರಡೂ ಕೈಯಲ್ಲಿ ಹಿಡಿಯಿರಿ" ಅಂತ ಬುದ್ಧಿ ಹೇಳಿದರೆ ಸಾಕಾ? ಸಾಲದು. ಯಾರೂ ಸುಮ್ನೆ ಎಡಗೈ ತೆಗೆಯುವುದಿಲ್ಲ. ಬೀಳುವ ಭಯಕ್ಕೆ ತೆಗೆಯುತ್ತಾರೆ. ಕಾಲ ಕೆಳಗಿನ ಕವಲು ಜಾರುತ್ತಿದೆ, ಸೊಂಟಕ್ಕೆ ಏನೂ ಇಲ್ಲ, ಮೈ ತೂಗುತ್ತಿದೆ. ಆಗ ಕೈ ಕೊಂಬೆ ಹುಡುಕುವುದು ಸಹಜ. ಆದ್ದರಿಂದ ಎಡಗೈ ಉಳಿಯಬೇಕಾದರೆ ಮೊದಲು ಸೊಂಟಕ್ಕೆ ಆಧಾರ ಸಿಗಬೇಕು.

ಸೊಂಟದ ಆಧಾರ

ಮಿಷನ್ ಚಾಲೂ ಇದ್ದಾಗ ಮೈ ಮರಕ್ಕೆ ಎರಡು ಕಡೆ ಕಟ್ಟಿರಬೇಕು. ಒಂದು, ತಲೆಗಿಂತ ಮೇಲೆ ಗಟ್ಟಿ ಕವಲಿಗೆ ಹಾಕಿದ ಮುಖ್ಯ ಹಗ್ಗ. ಇನ್ನೊಂದು, ಕಾಂಡ ಬಳಸಿ ಸೊಂಟದ ಎರಡೂ ಪಕ್ಕದ ರಿಂಗಿಗೆ ಸಿಕ್ಕಿಸುವ ಚಿಕ್ಕ ಹಗ್ಗ. ಎರಡು ಯಾಕೆಂದರೆ ಚೈನ್ ಹಗ್ಗಕ್ಕೆ ತಾಗಿದರೆ ಬಿಗಿಯಾಗಿ ಎಳೆದಿರುವ ಹಗ್ಗ ಒಂದೇ ಏಟಿಗೆ ಹೋಗುತ್ತದೆ. ಒಂದು ಕಡಿದರೆ ಇನ್ನೊಂದು ಉಳಿಯಬೇಕು. ಕಾಂಡ ಬಳಸುವ ಹಗ್ಗದಲ್ಲಿ ಒಳಗೆ ಉಕ್ಕಿನ ತಂತಿ ಇರುವುದು ಸಿಗುತ್ತದೆ. ಅದನ್ನು ಚೈನ್ ಕಡಿಯುವುದೇ ಇಲ್ಲ ಅಂತಲ್ಲ, ಕಡಿಯಲು ಹೊತ್ತು ಬೇಕು ಅಷ್ಟೆ. ಆದರೆ ಕರೆಂಟ್ ಲೈನ್ ಹತ್ತಿರ ಉಕ್ಕಿನ ತಂತಿ ಬೇಡ.

ಬೆಲ್ಟ್ ವಿಷಯದಲ್ಲಿ ಒಂದು ಮೋಸ ಇದೆ. ಕಟ್ಟಡ ಕೆಲಸದವರು ಹಾಕುವ, ಬೆನ್ನ ಹಿಂದೆ ಒಂದೇ ಕೊಕ್ಕೆ ಇರುವ ಹಾರ್ನೆಸ್ ಕಡಿಮೆ ಬೆಲೆಗೆ ಸಿಗುತ್ತದೆ. ಬಿದ್ದರೆ ಹಿಡಿಯುತ್ತದೆ, ಸರಿ. ಆದರೆ ಅದರಲ್ಲಿ ಕೂತು ಕೆಲಸ ಮಾಡಲು ಬರುವುದಿಲ್ಲ, ಹಿಂದಿನಿಂದ ಎಳೆದು ಮುಂದಕ್ಕೆ ಮುಗ್ಗರಿಸುತ್ತದೆ, ಎಡಗೈ ಮತ್ತೆ ಕೊಂಬೆಗೇ ಹೋಗುತ್ತದೆ. ಸೊಂಟದ ಎರಡೂ ಪಕ್ಕ ರಿಂಗ್, ಮುಂದೆ ಒಂದು ರಿಂಗ್, ತೊಡೆಗೆ ಪಟ್ಟಿ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಹಗ್ಗ ಹತ್ತುವುದಕ್ಕೆಂದೇ ಮಾಡಿದ 11ರಿಂದ 13 ಮಿ.ಮೀ. ದಪ್ಪದ್ದು. ತೆಂಗಿನ ನಾರಿನ ಹಗ್ಗ ಬೇಡ. ಅಂಗಡಿಯಲ್ಲಿ ಸಿಗುವ ನೀಲಿ ಪ್ಲಾಸ್ಟಿಕ್ ಹಗ್ಗ ಕೊಂಬೆ ಎಳೆಯಲು ಇರಲಿ, ಮೈಗೆ ಬೇಡ. ಬಿಸಿಲಿಗೆ ಸವೆಯುತ್ತದೆ, ಉಜ್ಜಿದ ಶಾಖಕ್ಕೆ ಕರಗುತ್ತದೆ.

ಸಿಲ್ವರ್ ಓಕ್ ಕೊಂಬೆ ನಂಬಬೇಡಿ. ಹಸಿಯಾಗಿದ್ದರೂ ಲಟಕ್ಕನೆ ಮುರಿಯುವ ಜಾತಿ ಅದು. ಮುಖ್ಯ ಹಗ್ಗವನ್ನು ಕೊಂಬೆಗೆ ಹಾಕದೆ ಕಾಂಡಕ್ಕೇ, ಕವಲಿನ ಮೇಲ್ಗಡೆಗೆ ಬರುವಂತೆ ಸುತ್ತಿ ಹಾಕಿ. ಮೆಣಸಿನ ಬಳ್ಳಿ ಹಬ್ಬಿದ ಮರವಾದರೆ ಬಳ್ಳಿ ಅಡಿಯಲ್ಲಿ ಕಾಂಡ ಹೇಗಿದೆ ಅಂತ ಕೈಯಾಡಿಸಿ ನೋಡಿ, ಒಳಗೆ ಟೊಳ್ಳಾಗಿದ್ದರೂ ಹೊರಗಿಂದ ಹಸಿರಾಗಿಯೇ ಕಾಣುತ್ತದೆ.

ಸರಿಯಾಗಿ ಕಟ್ಟಿಕೊಂಡಿದ್ದೀರಾ ಅಂತ ನೋಡಲು ಒಂದು ಸುಲಭ ಪರೀಕ್ಷೆ: ಮಿಷನ್ ಮೇಲೆಳೆದುಕೊಳ್ಳುವ ಮುಂಚೆ, ಕೊಯ್ಯಬೇಕಾದ ಜಾಗದಲ್ಲೇ ನಿಂತು, ಎರಡೂ ಕೈ ಬಿಟ್ಟು ಚಪ್ಪಾಳೆ ತಟ್ಟಿ. ಮೈ ಅಲುಗದೆ ನಿಂತರೆ ಕೊಯ್ಯಬಹುದು. ಒಂದು ಪಕ್ಕಕ್ಕೆ ವಾಲಿದರೆ ಹಗ್ಗ ಮತ್ತೆ ಹಾಕಿ. ಜಾಗ ಬದಲಾಯಿಸಿದಾಗಲೆಲ್ಲ ಮತ್ತೆ ಚಪ್ಪಾಳೆ. ಕೆಳಗಿನವರು ನಗುತ್ತಾರೆ, ನಗಲಿ ಬಿಡಿ.

ಏಣಿ ಮೇಲೆ ನಿಂತು ಚೈನ್ ಸಾ ಓಡಿಸುವುದು ಬೇಡವೇ ಬೇಡ. ಏಣಿಯನ್ನು ಕೊಯ್ಯುತ್ತಿರುವ ಕೊಂಬೆಗೇ ಒರಗಿಸಿರುತ್ತಾರೆ. ತುದಿಯ ಭಾರ ಕಳಚಿದ ಕೂಡಲೇ ಉಳಿದ ತುಂಡು ಮೇಲಕ್ಕೆ ಏಳುತ್ತದೆ, ಏಣಿ ಒರಗಿದ್ದ ಜಾಗವೇ ಮಾಯ. ಏಣಿ ಹತ್ತಲು ಇರಲಿ, ಹತ್ತಿದ ಮೇಲೆ ಮರಕ್ಕೆ ಕಟ್ಟಿಕೊಳ್ಳಿ.

ಮಿಷನ್ ಮೇಲೆ ಹೋಗಲೇಬೇಕಾ

ಈ ಪ್ರಶ್ನೆ ಕೇಳುವವರು ಕಡಿಮೆ. ಮರಗಸಿಯಲ್ಲಿ ತೆಗೆಯುವ ಕೊಂಬೆ ಬಹಳಷ್ಟು ಮಣಿಕಟ್ಟಿನ ದಪ್ಪ. ಹಾಲುವಾಣದಂಥ ಮೆದು ಮರಕ್ಕಂತೂ ಕತ್ತಿಯೇ ಸಾಕು. ಬಾಗಿದ ಅಲಗಿನ, ಎಳೆಯುವಾಗ ಕೊಯ್ಯುವ ಕೈಗರಗಸ ಈಗ ಒಳ್ಳೆಯದು ಸಿಗುತ್ತದೆ. ಮಣಿಕಟ್ಟಿನ ದಪ್ಪದ ಸಿಲ್ವರ್ ಕೊಂಬೆಯನ್ನು ಅದು ಬೇಗ ಇಳಿಸುತ್ತದೆ. ಮಿಷನ್ ಮೇಲೆಳೆದು, ಸ್ಟಾರ್ಟ್ ಮಾಡಿ, ಕೊಯ್ದು, ಮತ್ತೆ ನೇತುಹಾಕುವಷ್ಟರಲ್ಲಿ ಕೈಗರಗಸದವನು ಮುಂದಿನ ಕೊಂಬೆಯಲ್ಲಿರುತ್ತಾನೆ. ತೋಳು ದಪ್ಪದ ಅಥವಾ ಅದಕ್ಕಿಂತ ದಪ್ಪದ ಕೊಂಬೆ, ಒಣಗಿ ಗಟ್ಟಿಯಾದ ಹಲಸು, ಇಂಥದ್ದಕ್ಕೆ ಮಾತ್ರ ಮಿಷನ್ ಇರಲಿ. ನೆಲದಿಂದಲೇ ಉದ್ದ ಕೋಲಿನ ಗರಗಸದಲ್ಲಿ ಆಗುವುದಾದರೆ ಹತ್ತುವುದೇ ಬೇಡ, ಮೇಲೆ ಲೈನ್ ಇಲ್ಲದಿದ್ದರೆ.

ತೋಟಗಳಲ್ಲಿ ಜಾಸ್ತಿ ಕಾಣುವುದು ಹಿಂದೆ ಹಿಡಿ ಇರುವ, ಸುಮಾರು 4 ಕೆ.ಜಿ. ತೂಗುವ ಸಣ್ಣ ಮಿಷನ್. ಅದಕ್ಕೆ 16 ಇಂಚಿನ ಬಾರ್ ಹಾಕಿಸಿಕೊಂಡು ಅದನ್ನೇ ಮರಕ್ಕೂ ಏರಿಸುತ್ತಾರೆ. ಮರದ ಮೇಲೆ 12 ಇಂಚು ಸಾಕು, ತುದಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತಿರುತ್ತದೆ. ಹಿಡಿ ಮೇಲ್ಗಡೆಗೇ ಇರುವ ಹಗುರ ಮಿಷನ್ನನ್ನು ಮರ ಹತ್ತುವವರಿಗೆಂದೇ ಮಾಡಿದ್ದಾರೆ. ಎರಡು ಹಿಡಿ ಹತ್ತಿರ ಇರುವುದರಿಂದ ಇಕ್ಕಟ್ಟಿನಲ್ಲಿ ತಿರುಗಿಸಲು ಸುಲಭ. ಅದೇ ಕಾರಣಕ್ಕೆ ಒಂದೇ ಕೈಯಲ್ಲಿ ಓಡಿಸುವ ಆಸೆಯೂ ಹುಟ್ಟುತ್ತದೆ, ಕಿಕ್‌ಬ್ಯಾಕ್ ತಡೆಯುವುದು ಇನ್ನೂ ಕಷ್ಟ. ಅದು ಪಳಗಿದವರ ಕೈಗೆ, ಮರದ ಮೇಲೆ ಮಾತ್ರ. ನೆಲದ ಮೇಲೆ ಸೌದೆ ಕೊಯ್ಯಲು ಅದನ್ನು ಬಳಸಬೇಡಿ.

ಆನ್‌ಲೈನಲ್ಲಿ ಬರುತ್ತಿರುವ ಬ್ಯಾಟರಿಯ ಪುಟಾಣಿ ಚೈನ್ ಸಾ ಬಗ್ಗೆಯೂ ಹೇಳಬೇಕು. 4 ಇಂಚು, 6 ಇಂಚು ಬಾರ್, ಒಂದೇ ಹಿಡಿ. ಆಟಿಕೆ ಅನಿಸುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಚೈನ್ ಬ್ರೇಕೇ ಇಲ್ಲ, ಬಲಗೈಯಲ್ಲಿ ಅದು, ಎಡಗೈಯಲ್ಲಿ ಕಡ್ಡಿ, ಎರಡಕ್ಕೂ ನಡುವೆ ಗೇಣು ದೂರ. ಬೆರಳು ಹೋಗಲು 6 ಇಂಚು ಬೇಕಾದಷ್ಟಾಯಿತು. ಕಾಫಿ ಗಿಡ ಸವರಲು ಬಳಸುವುದಾದರೆ ಎಡಗೈ ಹಿಂದೆ ಇಟ್ಟುಕೊಂಡು ಬಳಸಿ, ಚೈನ್ ಬಿಗಿ ಮಾಡುವಾಗ ಬ್ಯಾಟರಿ ಕಳಚಿ. ಮರದ ಮೇಲಕ್ಕೆ ನನ್ನ ಕೇಳಿದರೆ ಬೇಡ.

ಮೈಮೇಲೆ ಏನಿರಬೇಕು

ಲುಂಗಿ ಬೇಡ, ಹೆಗಲ ಮೇಲೆ ಟವೆಲ್ ಬೇಡ, ಗುಂಡಿ ಬಿಚ್ಚಿದ ಅಂಗಿ ಬೇಡ. ಇದನ್ನು ವಿವರಿಸಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ದುಡ್ಡು ಹಾಕುವುದಾದರೆ ಪ್ಯಾಂಟಿಗೆ ಹಾಕಿ. ಚೈನ್ ಸಾ ಪ್ಯಾಂಟ್ ಅಂದರೆ ದಪ್ಪ ಬಟ್ಟೆ ಅಷ್ಟೇ ಅಲ್ಲ. ಹಳೆಯದೊಂದನ್ನು ಬಿಚ್ಚಿ ನೋಡಿದರೆ ಒಳಗೆ ಬಿಳಿ ಬಣ್ಣದ, ಉದ್ದುದ್ದ, ಸಡಿಲವಾದ ನೂಲಿನ ಪದರಗಳು ಒಂದರ ಮೇಲೊಂದು. ಚೈನ್ ಹೊರಬಟ್ಟೆ ಹರಿದ ಕೂಡಲೇ ಈ ನೂಲೆಲ್ಲ ಕಿತ್ತುಕೊಂಡು ಬಂದು, ಚೈನ್ ಜೊತೆ ಓಡಿ, ಸ್ಪ್ರಾಕೆಟ್‌ಗೆ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಸುತ್ತಿ ಗಂಟಾಗುತ್ತದೆ, ಚೈನ್ ನಿಲ್ಲುತ್ತದೆ. ಕಾಲಿನಲ್ಲಿ ಗೀರು ಉಳಿಯಬಹುದು, ಕಾಲೂ ಉಳಿಯುತ್ತದೆ. ಕ್ಲಾಸ್ 1 ಅಂತ ಬರೆದಿದ್ದರೆ ಸೆಕೆಂಡಿಗೆ 20 ಮೀಟರ್ ವೇಗದ ಚೈನ್‌ಗೆ ಪರೀಕ್ಷೆ ಆಗಿದೆ ಅಂತ ಅರ್ಥ, ಕ್ಲಾಸ್ 2 ಅಂದರೆ 24 ಮೀಟರ್. ಟೈಪ್ ಎ ಅಂದರೆ ರಕ್ಷಣೆ ಮುಂಭಾಗಕ್ಕೆ ಮಾತ್ರ, ಟೈಪ್ ಸಿ ಅಂದರೆ ಕಾಲಿನ ಸುತ್ತಲೂ. ಮರದಲ್ಲಿ ಕಾಲು ಯಾವ ಕಡೆ ತಿರುಗಿರುತ್ತದೋ ಹೇಳಲಾಗದು, ಹತ್ತುವವರಿಗೆ ಸಿ ಒಳ್ಳೆಯದು. ಒಮ್ಮೆ ಚೈನ್ ತಾಗಿ ನೂಲು ಹೊರಬಂದ ಪ್ಯಾಂಟ್ ಮುಗಿಯಿತು. ಹೊಲಿದು ಹಾಕಬೇಡಿ, ಹೊಲಿಗೆ ಹಾಕಿದ ಜಾಗದಲ್ಲಿ ನೂಲು ಕಿತ್ತುಬರುವುದಿಲ್ಲ.

"ಸೆಕೆ ಸಾರ್, ಇದನ್ನ ಹಾಕ್ಕೊಂಡು ಯಾರು ಹತ್ತೋದು" ಅನ್ನುತ್ತಾರೆ. ಸೆಕೆ ನಿಜ, ಮೇ ತಿಂಗಳಲ್ಲಿ ಅದನ್ನು ಅಲ್ಲಗಳೆಯುವ ಹಾಗಿಲ್ಲ. ಅದಕ್ಕೆ ಮಿಷನ್ ಕೆಲಸ ಬೆಳಗ್ಗೆ ಹತ್ತು ಗಂಟೆಯೊಳಗೆ ಮುಗಿಸಿ, ಆಮೇಲೆ ಕೈಗರಗಸದ ಕೆಲಸ, ಸೌದೆ ಜೋಡಿಸುವುದು ಇಟ್ಟುಕೊಳ್ಳಿ. ಮರದ ಲೆಕ್ಕಕ್ಕೆ ಗುತ್ತಿಗೆ ಕೊಡುವವರು ಇಲ್ಲಿ ಸ್ವಲ್ಪ ಯೋಚಿಸಬೇಕು. ಒಂದು ಮರಕ್ಕೆ ಇಷ್ಟು ಅಂದರೆ ಮಧ್ಯಾಹ್ನ ಊಟ ಆದ ಮೇಲೂ, ಕೈ ನಡುಗುತ್ತಿದ್ದರೂ ಹತ್ತುತ್ತಾರೆ. ದಿನಗೂಲಿ ಕೊಡಿ.

ಹೆಲ್ಮೆಟ್‌ಗೆ ಗಲ್ಲದ ಪಟ್ಟಿ ಇರಬೇಕು, ಇಲ್ಲದಿದ್ದರೆ ಮೇಲೆ ನೋಡಿದಾಗ ಅದು ಕೆಳಗೆ ಬಿದ್ದಿರುತ್ತದೆ. ಕಣ್ಣಿಗೆ ಕನ್ನಡಕ. ಮಿಷನ್ ಸದ್ದು 100 ಡೆಸಿಬಲ್ ದಾಟುತ್ತದೆ, ಆದ್ದರಿಂದ ಕಿವಿಗೆ ಮುಚ್ಚಳ. ರಬ್ಬರ್ ಚಪ್ಪಲಿ ಬದಲು ಹಿಮ್ಮಡಿ ಇರುವ ಬೂಟು.

ಹತ್ತುವ ಮುಂಚೆ ನೆಲದಲ್ಲಿ

ಮೊದಲು ಮೇಲೆ ನೋಡಿ. ಲೈನ್ ಇದೆಯಾ? 11 ಕೆವಿ ಲೈನಿಗೆ ಹಸಿ ಕೊಂಬೆ ತಾಗಿದರೂ ಸಾಕು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಜನ ಸತ್ತ ಸುದ್ದಿ ಮಲೆನಾಡಿನವರಿಗೆ ಹೊಸದಲ್ಲ. ಲೈನ್ ಹತ್ತಿರ ಇದ್ದರೆ 1912ಕ್ಕೆ ಫೋನ್ ಮಾಡಿ, ಲೈನ್‌ಮ್ಯಾನ್ ಬಂದು ಲೈನ್ ಕ್ಲಿಯರ್ ತೆಗೆದುಕೊಂಡ (ಕರೆಂಟ್ ತೆಗೆಸಿದ) ಮೇಲೆ ಮಾತ್ರ ಹತ್ತಿ. "ಈಗ ಕರೆಂಟ್ ಇಲ್ಲ, ಬೇಗ ಮುಗಿಸಿಬಿಡೋಣ" ಅನ್ನುವುದು ತುಂಬ ಅಪಾಯ, ಕರೆಂಟ್ ಯಾವಾಗ ಬರುತ್ತದೆ ಅಂತ ಯಾರಿಗೆ ಗೊತ್ತು?

ಆಮೇಲೆ ಹೆಜ್ಜೇನು. ಮಿಷನ್ ಸದ್ದಿಗೆ, ಅದುರಿಗೆ ಗೂಡು ಎದ್ದರೆ ಹಗ್ಗದಲ್ಲಿ ಕಟ್ಟಿಕೊಂಡವನಿಗೆ ಓಡುವ ದಾರಿ ಇಲ್ಲ. ಮರದ ಸುತ್ತ ಒಂದು ಸುತ್ತು ಬನ್ನಿ, ದೊಡ್ಡ ಕೊಂಬೆಗಳ ಅಡಿಭಾಗ ನೋಡಿ. ಚಗಳಿ ಇರುವೆ ಗೂಡನ್ನು ಜನ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಮಿಷನ್ ಓಡುವಾಗ ಅಂಗಿಯೊಳಗೆ ನಾಲ್ಕು ಚಗಳಿ ಕಚ್ಚಿದರೆ ಎಡಗೈ ತಾನಾಗಿಯೇ ಹಿಡಿ ಬಿಟ್ಟು ಕುತ್ತಿಗೆಗೆ ಹೋಗುತ್ತದೆ. ಕೋಲಿನಿಂದ ಮೊದಲು ಅವನ್ನು ಇಳಿಸಿ.

ಕಾಂಡ ಪಾಚಿ ಹಿಡಿದು ಒದ್ದೆಯಾಗಿದ್ದರೆ, ಗಾಳಿ ಎದ್ದಿದ್ದರೆ, ಹಿಂದಿನ ರಾತ್ರಿ ಕುಡಿದದ್ದು ಇನ್ನೂ ಇಳಿದಿಲ್ಲದಿದ್ದರೆ ಆ ದಿನ ಬಿಡಿ. ದೊಡ್ಡ ಮರ ಪೂರ್ತಿ ಕಡಿಯುವ ಯೋಚನೆ ಇದ್ದರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಬೇಕಾ ಅಂತ ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿ.

ಈಗ ಮಿಷನ್. ಚೈನ್ ಬಾರ್‌ಗೆ ಅಂಟಿಕೊಂಡಿರಬೇಕು, ಕೆಳಗೆ ಜೋಲಬಾರದು, ಕೈಯಲ್ಲಿ ಎಳೆದರೆ ಸಲೀಸಾಗಿ ಓಡಬೇಕು. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಬಿಟ್ಟಾಗ ಚೈನ್ ತಿರುಗಬಾರದು. ತಿರುಗಿದರೆ ಐಡ್ಲಿಂಗ್ ಸರಿ ಮಾಡಿಸದೆ ಮೇಲಕ್ಕೆ ಒಯ್ಯಬೇಡಿ. ಚೈನ್ ಓಡುವಾಗ ಎಡ ಮಣಿಕಟ್ಟಿನಿಂದ ಲಿವರ್ ಮುಂದಕ್ಕೆ ತಳ್ಳಿ ನೋಡಿ, ಚೈನ್ ಅಲ್ಲೇ ನಿಲ್ಲಬೇಕು. ಬಾರ್ ತುದಿಯನ್ನು ಒಣಗಿದ ಮರದ ಮೋಟಿನ ಕಡೆ ತಾಗದಂತೆ ಹಿಡಿದು ಆಕ್ಸಿಲರೇಟರ್ ಕೊಟ್ಟರೆ ಎಣ್ಣೆಯ ಗೆರೆ ಬೀಳಬೇಕು. ಚೈನ್ ಎಣ್ಣೆ ಬದಲು ಗ್ಯಾರೇಜಿನ ಸುಟ್ಟ ಆಯಿಲ್ ಹಾಕುವ ಚಾಳಿ ಬಿಡಿ. ಬಾರ್, ಪಂಪ್ ಎರಡೂ ಹಾಳು, ಗಾಯವಾದರೆ ಆ ಕಪ್ಪು ಎಣ್ಣೆ ಹೋಗುವುದು ಮಾಂಸದೊಳಕ್ಕೆ.

ಚೈನ್ ಮೊಂಡಾಗಿದೆಯಾ ಅಂತ ತಿಳಿಯಲು ಹುಡಿ ನೋಡಿ. ಚಕ್ಕೆ ಚಕ್ಕೆಯಾಗಿ ಬಂದರೆ ಹರಿತ ಇದೆ, ಹಿಟ್ಟು ಬಂದರೆ ಮೊಂಡು. ಮೊಂಡು ಚೈನ್ ಇದ್ದಾಗ ಮನುಷ್ಯ ಮಿಷನ್ನನ್ನು ಒತ್ತುತ್ತಾನೆ, ಒತ್ತಿದಾಗ ಕೊಂಬೆ ಮುಗಿದ ಕ್ಷಣ ಮಿಷನ್ ಜಾರಿ ಕಾಲಿಗೆ ಬರುತ್ತದೆ. ಪೆಟ್ರೋಲ್ ತುಂಬುವಾಗಲೆಲ್ಲ ಹಲ್ಲಿಗೆ ಎರಡು ಸಲ ಅರ ಎಳೆಯಿರಿ. ಸಣ್ಣ ಮಿಷನ್‌ಗಳ ಚೈನ್‌ಗೆ ಸಾಮಾನ್ಯವಾಗಿ 4 ಮಿ.ಮೀ. ದುಂಡು ಅರ, ಸ್ವಲ್ಪ ದೊಡ್ಡದಕ್ಕೆ 4.8. ಹಲ್ಲಿನ ಮುಂದಿನ ಪುಟ್ಟ ದಿಣ್ಣೆಯನ್ನು "ಬೇಗ ಕೊಯ್ಯಲಿ" ಅಂತ ಜಾಸ್ತಿ ತಗ್ಗಿಸಿದರೆ ಚೈನ್ ಮರವನ್ನು ಕಚ್ಚಿ ಎಳೆಯುತ್ತದೆ, ಕಿಕ್‌ಬ್ಯಾಕ್ ಜೋರಾಗುತ್ತದೆ.

ಸ್ಟಾರ್ಟ್ ಮಾಡುವುದು ನೆಲದಲ್ಲಿ: ಬ್ರೇಕ್ ಹಾಕಿ, ಮಿಷನ್ ನೆಲಕ್ಕಿಟ್ಟು, ಬಲಗಾಲ ತುದಿ ಹಿಂದಿನ ಹಿಡಿಯೊಳಗೆ, ಎಡಗೈ ಮುಂದಿನ ಹಿಡಿಯ ಮೇಲೆ. ಗಾಳಿಯಲ್ಲಿ ಜಾಡಿಸಿ ಎಳೆಯುವ ಶೋಕಿ ಬೇಡ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ ಮೇಲೆ ಕಳಿಸಿ, ಆಗ ಮರದಲ್ಲಿ ಒಂದೇ ಎಳೆತಕ್ಕೆ ಹತ್ತುತ್ತದೆ.

ಕೊಯ್ಯುವ ಕ್ರಮ

ಮಿಷನ್ ಬೆಲ್ಟಿಗೆ ಒಂದು ಸಣ್ಣ ಹಗ್ಗದಲ್ಲಿ ನೇತಾಡುತ್ತಿರಬೇಕು, ಕೈ ಜಾರಿದರೆ ಕೆಳಗಿನವರ ತಲೆ ಮೇಲೆ ಬೀಳದಂತೆ. ಭಾರದ ಮಿಷನ್ ಆದರೆ ಬೆಲ್ಟಿಗಲ್ಲ, ಬೇರೆ ಹಗ್ಗದಲ್ಲಿ ಮರಕ್ಕೇ ಕಟ್ಟಿ. ಕೊಂಬೆ ಜೊತೆ ಸಿಕ್ಕಿಕೊಂಡು ಮಿಷನ್ ಕೆಳಗೆ ಹೋದರೆ ನಿಮ್ಮನ್ನೂ ಎಳೆಯಬಾರದು.

ಕೊಯ್ಯುವ ಜಾಗ ಹೆಗಲಿಗಿಂತ ಕೆಳಗೆ, ಸೊಂಟದ ಆಸುಪಾಸಿನಲ್ಲಿ ಬರುವಂತೆ ನಿಲ್ಲಿ. ಕೈ ಪೂರ್ತಿ ಚಾಚಿ ಕೊಯ್ಯುವಂತಿದ್ದರೆ ನಿಂತ ಜಾಗ ಸರಿಯಿಲ್ಲ ಅಂತ ಅರ್ಥ. ಮುಖ ಬಾರ್‌ನ ನೇರಕ್ಕೆ ಬೇಡ, ಸ್ವಲ್ಪ ಎಡಕ್ಕೆ ಇರಲಿ. ಎರಡೂ ಹಗ್ಗ ಎಲ್ಲಿ ಹಾದುಹೋಗಿವೆ ಅಂತ ಪ್ರತಿ ಸಲ ಕಣ್ಣಲ್ಲಿ ನೋಡಿ, ಆಮೇಲೆ ಆಕ್ಸಿಲರೇಟರ್.

ದಪ್ಪ ಕೊಂಬೆಯಾದರೆ ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿಂದ ಕಾಲು ಭಾಗ ಕೊಯ್ಯಿರಿ. ಬಾರ್ ಕಚ್ಚಿಕೊಳ್ಳುವ ಮುಂಚೆ ತೆಗೆಯಿರಿ. ಕೆಳಗಿಂದ ಕೊಯ್ಯುವಾಗ ಚೈನ್ ಮಿಷನ್ನನ್ನು ನಿಮ್ಮ ಕಡೆಗೇ ತಳ್ಳುತ್ತದೆ ಅನ್ನುವುದು ನೆನಪಿರಲಿ. ಆಮೇಲೆ ಎರಡು ಬೆರಳು ಹೊರಕ್ಕೆ, ಮೇಲಿಂದ. ಕೊಂಬೆ ಸಿಗಿದುಕೊಂಡು ಕಾಂಡದ ತೊಗಟೆ ಎಳೆಯದೆ ಅಲ್ಲೇ ಮುರಿಯುತ್ತದೆ. ಉಳಿದ ಮೋಟನ್ನು ಕೊನೆಗೆ ಕಾಂಡದ ಉಬ್ಬು ಬಿಟ್ಟು ತೆಗೆಯಿರಿ.

ಎಡಗೈ ಉಳಿಸುವ ಕೊಯ್ತ ಬೇರೆ ಇದೆ, ಇದನ್ನು ಕಲಿತರೆ ಅರ್ಧ ಕಷ್ಟ ಮುಗಿಯಿತು. ತೋಳು ದಪ್ಪದ ಕೊಂಬೆ, ಕೆಳಗೆ ಹೆಂಚೋ ಕಾಫಿ ಗಿಡವೋ ಇದೆ, ಹಾಗೇ ಬೀಳಿಸುವಂತಿಲ್ಲ. ಇಂಥ ಕಡೆಯೇ ಎಲ್ಲರೂ ಎಡಗೈಯಲ್ಲಿ ಕೊಂಬೆ ಹಿಡಿದು ಬಲಗೈಯಲ್ಲಿ ಕೊಯ್ಯುವುದು. ಬದಲಿಗೆ ಹೀಗೆ ಮಾಡಿ. ಎರಡೂ ಕೈಯಲ್ಲಿ ಮಿಷನ್ ಹಿಡಿದು ಒಂದು ಪಕ್ಕದಿಂದ ಅರ್ಧಕ್ಕಿಂತ ಚೂರು ಜಾಸ್ತಿ ಕೊಯ್ಯಿರಿ. ಎರಡು ಬೆರಳು ಆಚೆ, ಎದುರು ಪಕ್ಕದಿಂದ ಇನ್ನೊಂದು, ಅದೂ ಅರ್ಧಕ್ಕಿಂತ ಚೂರು ಜಾಸ್ತಿ. ಎರಡು ಕೊಯ್ತಗಳು ಒಂದನ್ನೊಂದು ದಾಟಿ ಹೋಗಿರುತ್ತವೆ ಆದರೆ ಕೂಡುವುದಿಲ್ಲ. ನಡುವೆ ತೆಳುವಾದ ಮರ ಉಳಿದು ಕೊಂಬೆ ಅಲ್ಲೇ ನಿಂತಿರುತ್ತದೆ. ಈಗ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ, ಮಿಷನ್ ನೇತುಹಾಕಿ. ಆಮೇಲೆ ಎರಡೂ ಕೈಯಲ್ಲಿ ಕೊಂಬೆ ಹಿಡಿದು ಮುರಿಯಿರಿ, ಲಟ್ ಅಂತ ಬರುತ್ತದೆ, ಬೇಕಾದ ಕಡೆ ಹಾಕಿ. ಕೈಗೆ ಮಿಷನ್ ಇದ್ದಾಗ ಕೊಂಬೆ ಇಲ್ಲ, ಕೊಂಬೆ ಇದ್ದಾಗ ಮಿಷನ್ ಇಲ್ಲ.

ಬಾರ್ ಕಚ್ಚಿಕೊಂಡರೆ ಎಳೆದಾಡಬೇಡಿ. ಆಫ್ ಮಾಡಿ, ಕೈಗರಗಸದಿಂದ ಬಿಡಿಸಿ. ಒಂದು ಹೆಜ್ಜೆ ಸರಿಯುವುದಾದರೂ, ಬೆವರು ಒರೆಸುವುದಾದರೂ ಮೊದಲು ಬ್ರೇಕ್.

ಮರದ ತಲೆ ಹೊಡೆಯುವ ಕೆಲಸ, ಬಾಗಿದ ಕಾಂಡ ತುಂಡು ಮಾಡುವ ಕೆಲಸ ಒಬ್ಬರೇ ಮಾಡುವುದಲ್ಲ. ಸೊಂಟದ ಹಗ್ಗ ಬಳಸಿರುವ ಕಾಂಡವೇ ಉದ್ದಕ್ಕೆ ಸೀಳಿದರೆ ಹಗ್ಗ ಮನುಷ್ಯನನ್ನು ಕಾಂಡಕ್ಕೆ ಅದುಮಿಬಿಡುತ್ತದೆ. ಅದಕ್ಕೆ ಅನುಭವಿಗಳನ್ನು ಕರೆಸಿ.

ಕೆಳಗಿರುವವರು

ಒಬ್ಬರೇ ಹತ್ತಬೇಡಿ. ಕೆಳಗಿರುವವರು ಸೌದೆ ಎಳೆಯಲು ಮಾತ್ರ ಇರುವುದಲ್ಲ, ಮೇಲಿನವರನ್ನು ಇಳಿಸಲು ಬರಬೇಕು. ಇನ್ನೊಂದು ಬೆಲ್ಟ್, ಇನ್ನೊಂದು ಹಗ್ಗ ಮರದ ಬುಡದಲ್ಲೇ ಇರಲಿ, ಜೀಪಿನಲ್ಲಿ ಅಲ್ಲ. ಅವರಿಗೂ ಹತ್ತಲು ಬರಬೇಕು. ಗಾಯವಾಗಿ ಎಚ್ಚರ ತಪ್ಪಿದವರನ್ನು ಬೆಲ್ಟಿನಲ್ಲಿ ನೇತಾಡಲು ಬಿಟ್ಟು ಅಗ್ನಿಶಾಮಕದವರಿಗೆ ಕಾಯುವುದು ಆಗದ ಮಾತು, ಹಾಗೆ ನೇತಾಡುವುದೇ ಜೀವಕ್ಕೆ ಅಪಾಯ.

ಮಾತು ಮೊದಲೇ ಗೊತ್ತು ಮಾಡಿಕೊಳ್ಳಿ. ಮೇಲಿಂದ "ಬಿಡ್ತೀನಿ!" ಅಂದರೆ ಕೆಳಗಿಂದ "ಬಿಡಿ ಅಣ್ಣಾ!" ಅಂತ ಉತ್ತರ ಬರುವವರೆಗೆ ಕೊನೆಯ ಕೊಯ್ತ ಇಲ್ಲ. ಕಿವಿ ಮುಚ್ಚಿಕೊಂಡಿರುವುದರಿಂದ ಸೀಟಿ ಒಳ್ಳೆಯದು: ಒಂದು ಸಲ ಊದಿದರೆ ನಿಲ್ಲಿಸಿ ಅಂತ. ಮಿಷನ್ ಓಡುವಾಗ ಯಾರೂ ಮರದಡಿ ಬರಬಾರದು, ಸೌದೆ ಆರಿಸುವ ಹೆಂಗಸರು, ಮಕ್ಕಳು, ಫೋನ್ ಹಿಡಿದು ವಿಡಿಯೋ ಮಾಡುವವರು ಎಲ್ಲರಿಗೂ ಇದೇ ಮಾತು.

ಗಾಯವಾದರೆ

ಚೈನ್ ಕತ್ತಿಯಂತೆ ಸೀಳುವುದಿಲ್ಲ. ಸುಮಾರು 6-7 ಮಿ.ಮೀ. ಅಗಲಕ್ಕೆ ಮಾಂಸವನ್ನೇ ಕಿತ್ತುಕೊಂಡು ಹೋಗುತ್ತದೆ, ಎಣ್ಣೆ, ಹುಡಿ, ಬಟ್ಟೆಯ ನೂಲು ಒಳಗೆ ತುಂಬುತ್ತದೆ. ತೊಡೆಯ ದೊಡ್ಡ ರಕ್ತನಾಳ ಕಡಿದರೆ ಕೆಲವೇ ನಿಮಿಷ. ಆದ್ದರಿಂದ ಮೊದಲ ಚಿಕಿತ್ಸೆ ಮರದ ಮೇಲೆಯೇ. ಬೆಲ್ಟಿನ ಚೀಲದಲ್ಲಿ, ಯಾವ ಕೈಗಾದರೂ ಎಟಕುವಂತೆ, ಒಂದು ದೊಡ್ಡ ಒತ್ತು ಬ್ಯಾಂಡೇಜ್ ಮತ್ತು ಒಂದು ಟೂರ್ನಿಕೆಟ್ (ಕೈಕಾಲಿಗೆ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ) ಇರಬೇಕು. ಒಂದೇ ಕೈಯಲ್ಲಿ ಕಟ್ಟಿಕೊಳ್ಳುವುದನ್ನು ಮನೆಯಲ್ಲಿ ಕೂತು ಅಭ್ಯಾಸ ಮಾಡಿ.

ಎಂಜಿನ್ ಆಫ್. ಗಾಯದ ಮೇಲೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಆಳ ಗಾಯವಾದರೆ ಬಟ್ಟೆಯನ್ನು ಒಳಗೆ ತುಂಬಿ ಒತ್ತಿ. ತೆಗೆದು ತೆಗೆದು ನೋಡಬೇಡಿ, ನೆಂದರೆ ಅದರ ಮೇಲೇ ಇನ್ನೊಂದು ಇಡಿ. ಕೈಯಲ್ಲೋ ಕಾಲಲ್ಲೋ ರಕ್ತ ಚಿಮ್ಮುತ್ತಿದ್ದರೆ, ಒತ್ತಿದರೂ ನಿಲ್ಲದಿದ್ದರೆ ಟೂರ್ನಿಕೆಟ್ ಹಾಕಿ: ಗಾಯಕ್ಕಿಂತ ಮೂರು ನಾಲ್ಕು ಬೆರಳು ಮೇಲೆ, ಮಂಡಿ ಮೊಣಕೈ ಕೀಲಿನ ಮೇಲಲ್ಲ, ರಕ್ತ ನಿಲ್ಲುವವರೆಗೆ ತಿರುವಿ. ತುಂಬ ನೋಯುತ್ತದೆ, ಆದರೂ ಸಡಿಲ ಮಾಡಬೇಡಿ. ಹಾಕಿದ ಗಂಟೆ ಬರೆದಿಡಿ, ಹಣೆ ಮೇಲೆ ಪೆನ್ನಿನಲ್ಲಾದರೂ ಸರಿ. ಟೂರ್ನಿಕೆಟ್ ಇಲ್ಲದಿದ್ದರೆ ಅಗಲವಾಗಿ ಮಡಚಿದ ಟವೆಲ್ ಮತ್ತು ಒಂದು ಕೋಲು. ತಂತಿ, ಸಣ್ಣ ದಾರ ಬೇಡ.

ಕಾಫಿ ಪುಡಿ ಬೇಡ, ಅರಿಶಿನ ಬೇಡ, ಸೊಪ್ಪಿನ ರಸವೂ ಬೇಡ. ನಮ್ಮ ಕಡೆ ರಕ್ತ ಕಂಡ ಕೂಡಲೇ ಅಡುಗೆಮನೆಗೆ ಓಡುವ ಅಭ್ಯಾಸ ಇದೆ. ಇಷ್ಟು ದೊಡ್ಡ ಗಾಯಕ್ಕೆ ಅದು ಆಸ್ಪತ್ರೆಯಲ್ಲಿ ತೊಳೆಯಬೇಕಾದ ಇನ್ನೊಂದು ಕೊಳೆ ಅಷ್ಟೇ. ಬೆರಳು ತುಂಡಾಗಿದ್ದರೆ ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸ್ ಮೇಲೆ ಇಡಿ. ಬೆರಳನ್ನು ನೇರ ಐಸಿಗೆ ಹಾಕಬೇಡಿ.

108ಕ್ಕೆ ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ತೋಟದ ಗೇಟಿಗೆ ಹೋಗಿ ನಿಲ್ಲಲಿ, ಒಳಗಿನ ದಾರಿ ಆಂಬುಲೆನ್ಸ್‌ನವರಿಗೆ ಗೊತ್ತಿರುವುದಿಲ್ಲ. ತೋಟದಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅನ್ನುವುದನ್ನು ಬೆಳಗ್ಗೆಯೇ ನೋಡಿಟ್ಟುಕೊಳ್ಳಿ. ಸಣ್ಣ ಗಾಯ ಅನಿಸಿದರೂ ಆಸ್ಪತ್ರೆಗೆ ಹೋಗಿ ತೊಳೆಸಿ, ಟಿ.ಟಿ. ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಡಾಕ್ಟರಿಗೆ ಹೇಳಿ. ಬೆರಳು ಮಡಚಲು ಆಗದಿದ್ದರೆ, ತುದಿ ಜೋಮು ಹಿಡಿದಿದ್ದರೆ ಒಳಗೆ ನರವೋ ಸ್ನಾಯುವೋ ಕಡಿದಿರಬಹುದು, ಹೊಲಿಗೆ ಹಾಕಿಸಿಕೊಂಡು ಬಂದರೆ ಸಾಲದು, ಅದನ್ನೂ ತೋರಿಸಿ.

ಕೊನೆಗೆ ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸತ್ತರೆ ಅಥವಾ ಎರಡೂ ಕೈ ಹೋದರೆ 2 ಲಕ್ಷ, ಒಂದು ಕೈ ಪೂರ್ತಿ ಹೋದರೆ 1 ಲಕ್ಷ. ಬೆರಳಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ಕೆಲಸ ಕೊಡುವವರಿಗೆ ಕಾನೂನಿನ ಪ್ರಕಾರ ಪರಿಹಾರ ಕೊಡುವ ಹೊಣೆ ಬೇರೆ ಇದೆ, ಈ 20 ರೂಪಾಯಿ ಅದಕ್ಕೆ ಬದಲಿ ಅಲ್ಲ. ವಿಮೆಯ ವರ್ಷ ಜೂನ್ 1ಕ್ಕೆ ಶುರು, ಅಂದರೆ ಮರಗಸಿಯ ನಡುವೆಯೇ. ಮೇ ಕೊನೆಯ ವಾರದಲ್ಲಿ ಪಾಸ್‌ಬುಕ್ ನೋಡಿ ಖಾತೆಯಲ್ಲಿ ಅಷ್ಟು ದುಡ್ಡು ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಬ್ಯಾಂಕು ಹಣ ಕಡಿತ ಮಾಡಲಾಗದೆ ವಿಮೆ ನಿಂತುಹೋಗುತ್ತದೆ.